ಹಾಡು ಬರೆದವರು ತೀರಿಕೊಂಡ ಮೇಲೆ ಹಾಡು ಯಾರದ್ದು? ಕಾಪಿರೈಟ್ ಬಗ್ಗೆ ನಾವು ತಿಳಿದಿರಬೇಕಾದ ಸಂಗತಿಗಳು

ನಮ್ಮ ಧರ್ಮಕೇಂದ್ರಗಳಲ್ಲಿ ಬರೆಯುವವರಿಗೆ, ರಾಗ ಕಟ್ಟುವವರಿಗೆ ಕೊರತೆಯಿಲ್ಲ. ವಾರ್ಷಿಕ ಹಬ್ಬಕ್ಕೊಂದು ಹೊಸ ಗೀತೆ, ಕ್ರಿಸ್ಮಸ್‌ಗೊಂದು ಕಿರುನಾಟಕ, ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ, ಯುವಜನರಿಂದ ಒಂದು ಕಿರುಚಿತ್ರ ಹೀಗೆ ವರ್ಷವಿಡೀ ಏನಾದರೊಂದು ತಯಾರಾಗುತ್ತಲೇ ಇರುತ್ತದೆ. ಬರೆದವರಲ್ಲಿ ಹೆಚ್ಚಿನವರು ಹಣ ಕೇಳುವುದಿಲ್ಲ, ಎಷ್ಟೋ ಸಲ ಹೆಸರನ್ನೂ ಕೇಳುವುದಿಲ್ಲ. "ದೇವರ ಸೇವೆಗೆಂದು ಬರೆದದ್ದು, ಅದಕ್ಕೆ ಎಂಥ ಹಕ್ಕು?" ಎನ್ನುತ್ತಾರೆ.

ಇದು ಒಳ್ಳೆಯ ಮನಸ್ಸೇ. ಆದರೆ ತೊಂದರೆ ಆಗ ಬರುವುದಿಲ್ಲ, ಇಪ್ಪತ್ತು ವರ್ಷ ಕಳೆದ ಮೇಲೆ ಬರುತ್ತದೆ. ಗಾಯನ ಮಂಡಳಿಯನ್ನು ಬೆಳೆಸಿದ ಹಿರಿಯರು ತೀರಿಕೊಂಡಿರುತ್ತಾರೆ. ಅವರ ಹಾಡುಗಳನ್ನು ಪುಸ್ತಕ ಮಾಡಲು ಧರ್ಮಕೇಂದ್ರ ಹೊರಟಾಗ ಮಕ್ಕಳು "ಅಪ್ಪನ ಹಾಡುಗಳು ನಮ್ಮವು" ಎನ್ನುತ್ತಾರೆ. ಮಂಡಳಿಯವರು "ನಮ್ಮ ಇಗರ್ಜಿಗೆಂದೇ ಬರೆದದ್ದು" ಎನ್ನುತ್ತಾರೆ. ಅಷ್ಟರಲ್ಲಿ ಮೂರನೆಯವರೊಬ್ಬರು ಅದೇ ಹಾಡನ್ನು ತಮ್ಮ ಹೆಸರಿನಲ್ಲಿ ಧ್ವನಿಮುದ್ರಿಸಿ ಹೊರತಂದಿರುತ್ತಾರೆ. ಹಾಡು ಯಾರದ್ದು ಎಂದು ಹೇಳಬೇಕಾದವರು ಮಾತ್ರ ಇಲ್ಲ, ಅವರು ಬರೆದಿಟ್ಟ ಕಾಗದವೂ ಇಲ್ಲ.

ಕಾಪಿರೈಟ್, ಅಂದರೆ ಹಕ್ಕುಸ್ವಾಮ್ಯ, ಎಂದ ಕೂಡಲೇ ನಾವು ದೆಹಲಿಯ ಕಚೇರಿಯಲ್ಲಿ ಮಾಡಿಸುವ ನೋಂದಣಿಯನ್ನು ನೆನೆಯುತ್ತೇವೆ. ನೋಂದಣಿ ಉಪಯುಕ್ತವೇ ಹೌದು. ಆದರೆ ನೋಂದಣಿಗಿಂತ ಮೊದಲು ಬೇಕಾದದ್ದು ಇನ್ನೊಂದಿದೆ. ಅದನ್ನು ನಮ್ಮ ಕರಾವಳಿಯದೇ ಆದ ಒಂದು ಮೊಕದ್ದಮೆ ಚೆನ್ನಾಗಿ ತೋರಿಸಿಕೊಡುತ್ತದೆ.

ಸಾಲಿಗ್ರಾಮದ ಕಾರಂತರ ಯಕ್ಷರಂಗ

ಸಾಲಿಗ್ರಾಮ ಎಂದರೆ ಮೈಸೂರು ಕಡೆಯವರಿಗೆ ಕೆ.ಆರ್. ನಗರದ ಬಳಿಯ ಊರು. ಕರಾವಳಿಯವರಾದ ನಮಗೆ ಅದು ಉಡುಪಿ ಜಿಲ್ಲೆಯಲ್ಲಿ ಕೋಟದ ಪಕ್ಕದಲ್ಲಿರುವ ಊರು, ಡಾ. ಶಿವರಾಮ ಕಾರಂತರು ತಮ್ಮ ಬಾಳಿನ ಕೊನೆಯ ಭಾಗವನ್ನು ಕಳೆದ ಊರು. ಮುಂದೆ ಹೇಳುವುದು ಈ ಎರಡನೆಯ ಸಾಲಿಗ್ರಾಮದ ಕಥೆಯಾದರೂ ಕಾನೂನು ಎರಡೂ ಊರುಗಳಿಗೆ ಒಂದೇ.

ಕಾರಂತರು ಕಾದಂಬರಿಕಾರರೆಂದು ಎಲ್ಲರಿಗೂ ಗೊತ್ತು. ಯಕ್ಷಗಾನದಲ್ಲಿಯೂ ಅವರು ದೊಡ್ಡ ಪ್ರಯೋಗ ಮಾಡಿದರು. ರಾಗ, ತಾಳ, ವೇಷಭೂಷಣ, ರಂಗಸಜ್ಜಿಕೆಗಳಲ್ಲಿ ಬದಲಾವಣೆ ತಂದು ಹೊಸದೊಂದು ನೃತ್ಯನಾಟಕ ರೂಪವನ್ನು ಕಟ್ಟಿದರು. ಅದಕ್ಕೆ 'ಯಕ್ಷರಂಗ' ಎಂದು ಹೆಸರಿಟ್ಟರು. ಭೀಷ್ಮ ವಿಜಯ, ನಳ ದಮಯಂತಿ, ಕನಕಾಂಗಿ, ಅಭಿಮನ್ಯು, ಚಿತ್ರಾಂಗದಾ, ಪಂಚವಟಿ, ಗಂಗಾ ಚರಿತೆ ಎಂಬ ಏಳು ಪ್ರಸಂಗಗಳನ್ನು ಆ ರೂಪಕ್ಕೆ ಅಳವಡಿಸಿದರು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ಆಶ್ರಯದಲ್ಲಿ ನಿರ್ದೇಶಕರಾಗಿದ್ದು ಈ ಕೆಲಸದಲ್ಲಿ ತೊಡಗಿದ್ದರು.

1994ರ ಜೂನ್ 18ರಂದು ಕಾರಂತರು ಒಂದು ಉಯಿಲು ಬರೆದರು. ಅದರಲ್ಲಿ ತಮ್ಮ ಸಾಹಿತ್ಯ ಕೃತಿಗಳ ಹಕ್ಕುಸ್ವಾಮ್ಯವನ್ನು ಮಾಲಿನಿ ಮಲ್ಯರಿಗೆ ಬಿಟ್ಟುಕೊಟ್ಟರು. 1997ರ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 2001ರ ಸೆಪ್ಟೆಂಬರ್‌ನಲ್ಲಿ ಅಕಾಡೆಮಿಯವರು ದೆಹಲಿಯಲ್ಲಿ ಯಕ್ಷರಂಗದ ಪ್ರದರ್ಶನ ನೀಡಿದರು. ತಮ್ಮ ಅನುಮತಿ ಪಡೆದಿಲ್ಲವೆಂದು ಮಾಲಿನಿ ಮಲ್ಯರು ಉಡುಪಿಯಲ್ಲಿ ದಾವೆ ಹೂಡಿದರು. ಅದು ಜಿಲ್ಲಾ ನ್ಯಾಯಾಲಯದಿಂದ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಯ ತೀರ್ಪು ಬಂದದ್ದು 2009ರ ಜನವರಿ 23ರಂದು.

ಓದುಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ಯಕ್ಷರಂಗವನ್ನು ರೂಪಿಸಿದವರು ಕಾರಂತರೇ ಎಂಬುದರಲ್ಲಿ ಜಗಳವಿರಲಿಲ್ಲ. ಅವರ ಪ್ರತಿಭೆಯ ಬಗ್ಗೆಯೂ ಇರಲಿಲ್ಲ. ಜಗಳವಿದ್ದದ್ದು ಎರಡು ಪ್ರಶ್ನೆಗಳ ಬಗ್ಗೆ.

ಮೊದಲನೆಯದು, ಸಂಸ್ಥೆಯ ಆಶ್ರಯದಲ್ಲಿ, ಸಂಸ್ಥೆಯ ಹಣದ ನೆರವಿನಿಂದ ತಯಾರಾದದ್ದು ಸಂಸ್ಥೆಯದ್ದೇ, ಅಥವಾ ಕಲಾವಿದನದ್ದೇ? ಇದು ಸಂಸ್ಥೆಯದ್ದು ಎಂದು ಅಕಾಡೆಮಿ ವಾದಿಸಿತು. ನ್ಯಾಯಾಲಯಗಳು ಒಪ್ಪಲಿಲ್ಲ.

ಎರಡನೆಯದು, ಉಯಿಲಿನಲ್ಲಿ 'ಸಾಹಿತ್ಯ ಕೃತಿಗಳು' ಎಂದು ಬರೆದಿದೆ; ಕುಣಿತವಿರುವ ಪ್ರಸಂಗ ಸಾಹಿತ್ಯ ಕೃತಿಯೇ? ಕಾನೂನಿನಲ್ಲಿ ಸಾಹಿತ್ಯ ಕೃತಿ ಬೇರೆ, ನಾಟಕ ಕೃತಿ ಬೇರೆ. ನೃತ್ಯ ಸಂಯೋಜನೆ ನಾಟಕ ಕೃತಿಯೊಳಗೆ ಬರುತ್ತದೆ. ಹಾಗಾದರೆ ಅದು ಯಾರಿಗೆ ಸೇರಬೇಕು? ಕೊನೆಗೆ ದಾರಿ ತೋರಿದ್ದು ಉಯಿಲಿನ ಇನ್ನೊಂದು ಕಲಮು. ಬೇರೆಯಾಗಿ ಹೆಸರಿಸದೆ ಉಳಿದ ಆಸ್ತಿಯೂ ಮಾಲಿನಿ ಮಲ್ಯರಿಗೇ ಸೇರಬೇಕೆಂಬುದು ಅದರ ಅರ್ಥವೆಂದು ನ್ಯಾಯಾಲಯಗಳು ತಿಳಿದವು. ಹಾಗಾಗಿ ಏಳು ಪ್ರಸಂಗಗಳ ಹಕ್ಕು ಅವರಿಗೆ ಬಂತು.

ಕನ್ನಡ ನಾಡಿನ ಅಷ್ಟು ದೊಡ್ಡ ಬರಹಗಾರರ ಉಯಿಲಿನ ಒಂದು ಪದಕ್ಕಾಗಿ ಏಳು ವರ್ಷಕ್ಕೂ ಮಿಕ್ಕಿ ಮೂರು ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. ಅಂದ ಮೇಲೆ, ಒಂದು ಸಾಲನ್ನೂ ಬರೆದಿಡದ ನಮ್ಮ ಹಾಡುಗಾರರ ಗತಿ ಏನು?

ಹಕ್ಕು ಯಾವಾಗ ಹುಟ್ಟುತ್ತದೆ?

ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. 1958ರ ಜನವರಿಯಿಂದ ಜಾರಿಯಲ್ಲಿದೆ. ನಡುವೆ ಹಲವು ಬಾರಿ ತಿದ್ದುಪಡಿಯಾಗಿದೆ; ಅವುಗಳಲ್ಲಿ 2012ರದ್ದು ದೊಡ್ಡ ತಿದ್ದುಪಡಿ.

ಈ ಕಾಯ್ದೆಯ ಪ್ರಕಾರ, ನೀವು ಸ್ವಂತವಾಗಿ ಒಂದು ಕೃತಿಯನ್ನು ಬರೆದ ಕ್ಷಣದಿಂದಲೇ ಅದರ ಹಕ್ಕು ನಿಮ್ಮದು. ಅರ್ಜಿ ಬೇಡ, ಶುಲ್ಕ ಬೇಡ, ಮೊಹರು ಬೇಡ. ಪುಸ್ತಕದಲ್ಲಿ ವೃತ್ತದೊಳಗಿನ 'ಸಿ' ಅಕ್ಷರದ ಚಿಹ್ನೆ ಹಾಕುವುದೂ ಕಡ್ಡಾಯವಲ್ಲ. ಆದರೂ ಹೆಸರು ಮತ್ತು ವರ್ಷದ ಜೊತೆ ಅದನ್ನು ಹಾಕುವುದು ಒಳ್ಳೆಯದು. ಯಾರನ್ನು ಕೇಳಬೇಕೆಂದು ಓದಿದವರಿಗೆ ತಿಳಿಯುತ್ತದೆ.

ಹಕ್ಕು ಸಿಗುವುದು ಕೃತಿಯ ರೂಪಕ್ಕೆ, ಅದರ ಹಿಂದಿನ ವಿಚಾರಕ್ಕಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಪೋಲಿಹೋದ ಮಗನ ಕಥೆಯನ್ನು ಆಧರಿಸಿ ಯಾರು ಬೇಕಾದರೂ ನಾಟಕ ಬರೆಯಬಹುದು. ಆದರೆ ಪಕ್ಕದ ಧರ್ಮಕೇಂದ್ರದವರು ಬರೆದ ನಾಟಕದ ದೃಶ್ಯಗಳನ್ನೂ ಮಾತುಗಳನ್ನೂ ಎತ್ತಿಕೊಳ್ಳುವಂತಿಲ್ಲ. ಬರಿಯ ಶೀರ್ಷಿಕೆಗೆ ಕಾಪಿರೈಟ್ ಇಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಿಮ್ಮ ಹಾಡಿನ ಹೆಸರನ್ನೇ ಇನ್ನೊಬ್ಬರು ಇಟ್ಟರೆಂದು ಬೇಸರಿಸಬೇಕಾಗಿಲ್ಲ.

ಕುಣಿತಕ್ಕೂ ಮೂಕಾಭಿನಯಕ್ಕೂ ರಕ್ಷಣೆಯಿದೆ. ಆದರೆ ಅದರ ರೂಪ ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕು. ನೆನಪಿನಲ್ಲಿ ಮಾತ್ರ ಇದ್ದರೆ ಸಾಲದು. ರಾಗ ಕಟ್ಟುವವರೂ ಇದನ್ನು ನೆನಪಿಡಬೇಕು. ಸ್ವರಲಿಪಿ ಬರೆದಿಡಿ, ಅದು ಬಾರದಿದ್ದರೆ ಮೊಬೈಲಿನಲ್ಲಾದರೂ ಹಾಡಿ ದಿನಾಂಕದೊಡನೆ ಇಟ್ಟುಕೊಳ್ಳಿ.

ಒಂದು ಹಾಡಿನಲ್ಲಿ ಎಷ್ಟು ಹಕ್ಕುಗಳಿವೆ?

ಇದು ಹೆಚ್ಚಿನವರಿಗೆ ತಿಳಿಯದ ಸಂಗತಿ. ನಾವು 'ಒಂದು ಹಾಡು' ಎನ್ನುವುದು ಕಾನೂನಿನ ಕಣ್ಣಿನಲ್ಲಿ ಮೂರು. ಪದಗಳು ಸಾಹಿತ್ಯ ಕೃತಿ. ಅದರ ಹಕ್ಕು ಬರೆದವರದ್ದು. ರಾಗ ಸಂಗೀತ ಕೃತಿ. ಅದರ ಹಕ್ಕು ಸಂಯೋಜಕರದ್ದು. ಧ್ವನಿಮುದ್ರಣ ಇನ್ನೊಂದು ಕೃತಿ; ಅದರ ಹಕ್ಕು ಖರ್ಚು ಹಾಕಿ ಮುದ್ರಿಸಿದ ನಿರ್ಮಾಪಕರದ್ದು. ಪದ ಬರೆದವರ ಒಪ್ಪಿಗೆ ಸಿಕ್ಕಿತೆಂದು ಸಿ.ಡಿ.ಯ ಹಾಡನ್ನು ನಕಲು ಮಾಡುವಂತಿಲ್ಲ. ಹಾಗೆಯೇ ಸಿ.ಡಿ. ಕಂಪೆನಿಯ ಒಪ್ಪಿಗೆ ಇದೆಯೆಂದು ಪದಗಳನ್ನು ಪುಸ್ತಕದಲ್ಲಿ ಅಚ್ಚು ಹಾಕುವಂತಿಲ್ಲ.

ಅನುವಾದವೂ ಹೀಗೆಯೇ. ಮೂಲ ಬೈಬಲಿಗೆ ಯಾರ ಹಕ್ಕೂ ಇಲ್ಲ. ಆದರೆ ಇತ್ತೀಚಿನ ಅನುವಾದಗಳಿಗೆ ಅನುವಾದಕರ ಅಥವಾ ಪ್ರಕಾಶಕರ ಹಕ್ಕು ಇರುತ್ತದೆ. ಹಿಂದಿ ಅಥವಾ ಇಂಗ್ಲಿಷ್ ಭಕ್ತಿಗೀತೆಯೊಂದನ್ನು ಕನ್ನಡಕ್ಕೋ ಕೊಂಕಣಿಗೋ ತಂದು ಪ್ರಕಟಿಸಬೇಕಾದರೆ, ಮೂಲದ ಹಕ್ಕಿನ ಅವಧಿ ಮುಗಿದಿಲ್ಲವಾದರೆ, ಮೂಲದವರ ಅನುಮತಿ ಬೇಕು.

ಹಕ್ಕು ಎಷ್ಟು ಕಾಲ?

ಸಾಹಿತ್ಯ, ನಾಟಕ, ಸಂಗೀತ ಮತ್ತು ಚಿತ್ರಕಲೆಯ ಕೃತಿಗಳಿಗೆ ಲೇಖಕರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರು ವರ್ಷದಿಂದ 60 ವರ್ಷ. ಮೊದಲು ಇದು 50 ವರ್ಷವಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ ಅದನ್ನು 60ಕ್ಕೆ ಏರಿಸಲಾಯಿತು. ಧ್ವನಿಮುದ್ರಣಕ್ಕೆ ಮತ್ತು ಚಲನಚಿತ್ರಕ್ಕೆ ಪ್ರಕಟವಾದ ಮರು ವರ್ಷದಿಂದ 60 ವರ್ಷ.

ಲೆಕ್ಕ ಹಾಕುವುದು ಸುಲಭ. ಕಾರಂತರು 1997ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2057ರ ಡಿಸೆಂಬರ್ 31ರ ವರೆಗೆ ಇರುತ್ತದೆ. ಕುವೆಂಪು 1994ರಲ್ಲಿ ತೀರಿಕೊಂಡರು, ಹಕ್ಕು 2054ರ ಕೊನೆಯ ತನಕ. ನಮ್ಮ ವಿಲ್ಫಿ ರೆಬಿಂಬಸ್ 2010ರಲ್ಲಿ ತೀರಿಕೊಂಡರು. ಅವರು ಬರೆದು ರಾಗ ಹಾಕಿದ ಕೊಂಕಣಿ ಹಾಡುಗಳಿಗೆ 2070ರ ಕೊನೆಯ ತನಕ ರಕ್ಷಣೆಯಿದೆ. "ಎಲ್ಲರೂ ಹಾಡುತ್ತಾರೆ, ಹಾಗಾಗಿ ಎಲ್ಲರದ್ದು" ಎಂಬ ಮಾತು ಪ್ರೀತಿಯ ಮಾತು, ಕಾನೂನಿನ ಮಾತಲ್ಲ.

ಇನ್ನೊಂದು ಬದಿಯೂ ಇದೆ. ನಾಟಕಕಾರ ಟಿ.ಪಿ. ಕೈಲಾಸಂ 1946ರಲ್ಲಿ ತೀರಿಕೊಂಡರು. 2007ರಿಂದ ಅವರ ನಾಟಕಗಳನ್ನು ಯಾರೂ ಆಡಬಹುದು. ಮಂಜೇಶ್ವರದ ಗೋವಿಂದ ಪೈಯವರು 1963ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಯೇಸುವಿನ ಕೊನೆಯ ದಿನವನ್ನು ಕುರಿತ ಅವರ 'ಗೊಲ್ಗೊಥಾ' ಕಾವ್ಯ 2024ರ ಜನವರಿ 1ರಿಂದ ಎಲ್ಲರಿಗೂ ಮುಕ್ತವಾಗಿದೆ. ತಪಸ್ಸು ಕಾಲದಲ್ಲಿ ಅದನ್ನು ವಾಚನ ಮಾಡಲು, ರಾಗ ಹಾಕಿ ಹಾಡಲು, ರಂಗರೂಪಕ್ಕೆ ತರಲು, ಅಚ್ಚು ಹಾಕಿಸಿ ಹಂಚಲು ಈಗ ಯಾರ ಅನುಮತಿಯೂ ಬೇಡ. ಹೊಸ ಮುದ್ರಣಗಳಲ್ಲಿ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳನ್ನು ಮಾತ್ರ ನಕಲು ಮಾಡಬಾರದು. ನಮ್ಮ ಧರ್ಮಕೇಂದ್ರಗಳ ನಾಟಕ ತಂಡಗಳು ಈ ಅವಕಾಶವನ್ನು ಬಳಸಿಕೊಂಡರೆ ಎಷ್ಟು ಚೆನ್ನ!

ಹಕ್ಕು ಯಾರದ್ದು?

ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಇದಕ್ಕೆ ಕೆಲವು ಅಪವಾದಗಳಿವೆ.

ಸಂಬಳದ ನೌಕರಿಯಲ್ಲಿದ್ದು, ಆ ನೌಕರಿಯ ಕೆಲಸವಾಗಿಯೇ ಬರೆದದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿ ಕೊಟ್ಟವರದ್ದು. ಆದರೆ ಗೌರವ ಸೇವೆಯಾಗಿ ಬರೆದುಕೊಟ್ಟವರು ನೌಕರರಲ್ಲ. ಗಾಯನ ಮಂಡಳಿಯ ಸದಸ್ಯರೊಬ್ಬರು ಇಗರ್ಜಿಯ ಪಿಯಾನೋದಲ್ಲಿ ಕುಳಿತು, ಇಗರ್ಜಿಯ ಹಬ್ಬಕ್ಕೆಂದೇ ರಾಗ ಕಟ್ಟಿದರೂ ಆ ರಾಗ ಅವರದ್ದೇ. ಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ ರಾತ್ರಿ ಮನೆಯಲ್ಲಿ ಬರೆದ ಕವನ ಶಾಲೆಯದ್ದಾಗುವುದಿಲ್ಲ.

ಹಣ ಕೊಟ್ಟು ತೆಗೆಸಿದ ಫೋಟೋ ಅಥವಾ ವಿಡಿಯೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ಹಣ ಪಡೆಯದೆ ಪ್ರೀತಿಯಿಂದ ಫೋಟೋ ತೆಗೆದುಕೊಟ್ಟ ಯುವಕನ ಹಕ್ಕು ಅವನಲ್ಲೇ ಉಳಿಯುತ್ತದೆ. ಸ್ಮರಣ ಸಂಚಿಕೆಗೆ ಲೇಖನ ಕಳುಹಿಸಿದವರು ಆ ಸಂಚಿಕೆಯಲ್ಲಿ ಅಚ್ಚು ಹಾಕಲು ಒಪ್ಪಿದ್ದಾರೆ ಅಷ್ಟೆ. ಸಂಪಾದಕರು ಅದನ್ನು ಬೇರೆ ಪುಸ್ತಕಕ್ಕೆ ಸೇರಿಸಬೇಕಾದರೆ ಮತ್ತೆ ಕೇಳಬೇಕು.

ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ಆದರೆ ಅದು ಬರಹದಲ್ಲಿದ್ದು ಸಹಿಯಾಗಿರಬೇಕು, ಬಾಯಿಮಾತು ನಡೆಯುವುದಿಲ್ಲ. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ವರ್ಷ, ಎಲ್ಲೆಲ್ಲಿ, ಎಷ್ಟು ಗೌರವಧನ ಎಂದು ಬರೆಯಬೇಕು. ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಕಾನೂನು ತಿಳಿಯುತ್ತದೆ. 'ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇನೆ' ಎಂಬ ಒಂದೇ ಸಾಲಿಗೆ ಸಹಿ ಹಾಕಿಸಿಕೊಂಡವರು ಇದನ್ನು ಗಮನಿಸಬೇಕು.

ಹಕ್ಕು ಮಾರಿದ ಮೇಲೂ ಲೇಖಕರಲ್ಲಿ ಉಳಿಯುವ ಎರಡು ಹಕ್ಕುಗಳಿವೆ. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಒಂದು. ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಹಕ್ಕು ಇನ್ನೊಂದು. ಹಾಡಿನ ಪುಸ್ತಕದಲ್ಲಿ ಬರೆದವರ ಹೆಸರು ಬಿಡುವುದು ಬರಿಯ ಮರೆವಲ್ಲ, ಅವರ ಹಕ್ಕಿಗೆ ಆಗುವ ಚ್ಯುತಿ.

ಇಗರ್ಜಿಯಲ್ಲಿ ಹಾಡಲು ಅನುಮತಿ ಬೇಕೇ?

ಇಲ್ಲಿ ಕಾನೂನು ನಮಗೆ ಉದಾರವಾಗಿದೆ. ಕಾಯ್ದೆಯ 52ನೆಯ ಕಲಮಿನಲ್ಲಿ ಉಲ್ಲಂಘನೆಯಾಗದ ಸಂದರ್ಭಗಳ ದೊಡ್ಡ ಪಟ್ಟಿಯಿದೆ. ನಮಗೆ ಬೇಕಾದವು ಮುಖ್ಯವಾಗಿ ಮೂರು.

ಒಂದು: ನಿಜವಾದ ಧಾರ್ಮಿಕ ವಿಧಿಯ ಅಂಗವಾಗಿ ಹಾಡುವುದಕ್ಕೆ, ನುಡಿಸುವುದಕ್ಕೆ, ಧ್ವನಿಮುದ್ರಿಕೆ ಕೇಳಿಸುವುದಕ್ಕೆ ಅನುಮತಿ ಬೇಡ. ಬಲಿಪೂಜೆಯ ಹಾಡುಗಳೆಲ್ಲ ಇದರಲ್ಲಿ ಬರುತ್ತವೆ. ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳೂ ಸೇರಿವೆಯೆಂದು ಕಾಯ್ದೆಯೇ ವಿವರಿಸುತ್ತದೆ. ಕೇಂದ್ರ ಸರಕಾರವೂ 2023ರ ಜುಲೈಯಲ್ಲಿ ಪ್ರಕಟಣೆ ಹೊರಡಿಸಿ ಇದನ್ನು ನೆನಪಿಸಿತು. ನಮ್ಮ ರೋಸ್ ಸಂಭ್ರಮದ ಹಾಡುಗಳಿಗೆ ಹೆದರಬೇಕಾಗಿಲ್ಲ.

ಎರಡು: ಶಾಲೆ ಕಾಲೇಜಿನ ಚಟುವಟಿಕೆಯಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಾಟಕ ಆಡಬಹುದು. ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಹೆತ್ತವರು, ಪೋಷಕರು ಮತ್ತು ಸಂಸ್ಥೆಗೆ ನೇರ ಸಂಬಂಧಪಟ್ಟವರು ಮಾತ್ರ ಆಗಿರಬೇಕು.

ಮೂರು: ಹವ್ಯಾಸಿ ಸಂಘವೊಂದು ಟಿಕೇಟಿಲ್ಲದೆ ಆಡುವ, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ನಾಟಕಕ್ಕೆ, ಹಾಡಿಗೆ ಅನುಮತಿ ಬೇಡ. ಸಂಘ ಹವ್ಯಾಸಿಯಾಗಿರಬೇಕು ಎಂಬುದು ಮುಖ್ಯ. ಸಂಭಾವನೆ ಕೊಟ್ಟು ವೃತ್ತಿಪರ ತಂಡವನ್ನು ಕರೆಸಿದರೆ ಈ ರಿಯಾಯಿತಿ ಸಿಗದು.

ಕಾರಂತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊನೆಗೆ ಹೇಳಿದ್ದೂ ಇದನ್ನೇ. ಹಕ್ಕು ಮಾಲಿನಿ ಮಲ್ಯರದ್ದೇ. ಆದರೆ ಶಿಕ್ಷಣ ಸಂಸ್ಥೆಯಾಗಿ ಈ ಷರತ್ತುಗಳೊಳಗೆ ಅಕಾಡೆಮಿ ಪ್ರದರ್ಶನ ನೀಡಿದರೆ, ಅಥವಾ ಹವ್ಯಾಸಿ ಸಂಘದ ವ್ಯಾಖ್ಯೆಯೊಳಗೆ ಬಂದು ಹಣ ಪಡೆಯದೆ ಆಡಿದರೆ ತಡೆಯಾಜ್ಞೆ ಅನ್ವಯಿಸುವುದಿಲ್ಲ ಎಂದಿತು. ಹಕ್ಕನ್ನೂ ಕಾಯಬೇಕು, ಕಲೆಯೂ ಉಳಿಯಬೇಕು ಎಂಬ ತೂಕದ ತೀರ್ಮಾನವಿದು.

ಒಂದು ಎಚ್ಚರಿಕೆ. ಈ ರಿಯಾಯಿತಿಗಳು ಹಾಡುವುದಕ್ಕೆ, ಆಡುವುದಕ್ಕೆ. ಹಾಡಿನ ಪುಸ್ತಕ ಅಚ್ಚು ಹಾಕುವುದು, ಸಿ.ಡಿ. ಮಾಡುವುದು, ಕಾರ್ಯಕ್ರಮದ ವಿಡಿಯೋವನ್ನು ಯೂಟ್ಯೂಬಿನಲ್ಲಿ ಹಾಕುವುದು, ಪುಸ್ತಕವನ್ನು ಪಿ.ಡಿ.ಎಫ್. ಮಾಡಿ ವಾಟ್ಸಾಪಿನಲ್ಲಿ ಹಂಚುವುದು ಬೇರೆ ವಿಷಯ. ಅದಕ್ಕೆಲ್ಲ ಅನುಮತಿ ಕೇಳಿ. ಬಲಿಪೂಜೆಯಲ್ಲಿ ಹತ್ತು ವರ್ಷ ಹಾಡಿದ್ದೇವೆ ಎಂಬುದು ಅಚ್ಚು ಹಾಕಲು ಪರವಾನಗಿಯಾಗುವುದಿಲ್ಲ. ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿನಿಂದ 3 ವರ್ಷದ ವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿ ವರೆಗೆ ದಂಡ ವಿಧಿಸಲು ಅವಕಾಶವಿದೆ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಕೊಟ್ಟು ಶಿಕ್ಷೆ ಕಡಿಮೆ ಮಾಡಬಹುದು.

ನೋಂದಣಿ ಮಾಡಿಸುವುದು ಹೇಗೆ?

ನೋಂದಣಿ ಕಡ್ಡಾಯವಲ್ಲ ಎಂದೆವು. ಮತ್ತೇಕೆ ಮಾಡಿಸಬೇಕು? ನಾಳೆ ವ್ಯಾಜ್ಯ ಬಂದರೆ, ಕಾಪಿರೈಟ್ ರಿಜಿಸ್ಟರಿನಲ್ಲಿರುವ ವಿವರವನ್ನು ನ್ಯಾಯಾಲಯ ಮೇಲುನೋಟದ ಸಾಕ್ಷ್ಯವಾಗಿ ಒಪ್ಪಿಕೊಳ್ಳುತ್ತದೆ. ಅದು ತಪ್ಪೆಂದು ತೋರಿಸುವ ಹೊಣೆ ಎದುರಾಳಿಯ ಮೇಲೆ ಬೀಳುತ್ತದೆ. ಕೃತಿಯನ್ನು ಲಕೋಟೆಯಲ್ಲಿಟ್ಟು ತನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಂಡರೆ ಸಾಕೆಂಬ ನಂಬಿಕೆ ಕೆಲವರಲ್ಲಿದೆ. ಕಾಯ್ದೆಯಲ್ಲಿ ಅಂಥ ನೋಂದಣಿ ಇಲ್ಲ.

ಕಾಪಿರೈಟ್ ಕಚೇರಿ ಇರುವುದು ನವದೆಹಲಿಯಲ್ಲಿ. ಅಲ್ಲಿಗೆ ಹೋಗಬೇಕಾಗಿಲ್ಲ, ಕಚೇರಿಯ ಸರಕಾರಿ ಜಾಲತಾಣದ ಮೂಲಕವೇ ಅರ್ಜಿ ಸಲ್ಲಿಸಬಹುದು. 2013ರ ಕಾಪಿರೈಟ್ ನಿಯಮಗಳ ಪ್ರಕಾರ ಕ್ರಮ ಹೀಗಿದೆ:

1. 14ನೆಯ ನಮೂನೆಯಲ್ಲಿ ಅರ್ಜಿ ತುಂಬಿಸಬೇಕು. ಅರ್ಜಿದಾರರ ಹೆಸರು, ಕೃತಿಯ ಹೆಸರು, ಭಾಷೆ, ಲೇಖಕರು ಯಾರು, ಒಡೆಯರು ಯಾರು, ಪ್ರಕಟವಾಗಿದೆಯೇ, ಎಲ್ಲಿ, ಯಾವಾಗ ಎಂಬ ವಿವರಗಳಿರಬೇಕು. ಕೃತಿ ಸ್ವಂತದ್ದೋ, ಅನುವಾದವೋ, ರೂಪಾಂತರವೋ ಎಂದೂ ತಿಳಿಸಬೇಕು.

2. ಒಂದು ಕೃತಿಗೆ ಒಂದು ಅರ್ಜಿ. ಪದಗಳಿಗೆ ಬೇರೆ, ರಾಗಕ್ಕೆ ಬೇರೆ, ಧ್ವನಿಮುದ್ರಣಕ್ಕೆ ಬೇರೆ.

3. ಶುಲ್ಕ ಸಾಹಿತ್ಯ, ನಾಟಕ, ಸಂಗೀತ ಅಥವಾ ಚಿತ್ರಕಲಾ ಕೃತಿಯೊಂದಕ್ಕೆ 500 ರೂಪಾಯಿ. ಧ್ವನಿಮುದ್ರಣಕ್ಕೆ 2,000, ಚಲನಚಿತ್ರಕ್ಕೆ 5,000. ಸರಕುಗಳ ಮೇಲೆ ಬಳಸುವ ಚಿತ್ರಕಲಾ ಕೃತಿಗಾದರೆ 2,000. ಒಮ್ಮೆ ಕಟ್ಟಿದ್ದು ಹಿಂದಿರುಗುವುದಿಲ್ಲ.

4. ಕೃತಿಯ ಪ್ರತಿ ಲಗತ್ತಿಸಬೇಕು. ಲೇಖಕರು ಬೇರೆ, ಅರ್ಜಿದಾರರು ಬೇರೆ ಆದರೆ ಹಕ್ಕು ವರ್ಗಾಯಿಸಿದ ಪತ್ರ ಅಥವಾ ಲೇಖಕರ ನಿರಾಕ್ಷೇಪಣಾ ಪತ್ರ ಬೇಕು. ಪ್ರಕಾಶಕರು ಬೇರೆಯಾಗಿದ್ದರೆ ಅವರದ್ದೂ ಬೇಕು.

5. ಅರ್ಜಿ ತಲುಪಿದ ಮೇಲೆ ಡೈರಿ ಸಂಖ್ಯೆ ಸಿಗುತ್ತದೆ. ಆಕ್ಷೇಪಣೆಗಾಗಿ 30 ದಿನ ಕಾಯುತ್ತಾರೆ. ಯಾರಾದರೂ ಆಕ್ಷೇಪಿಸಿದರೆ ಇಬ್ಬರನ್ನೂ ವಿಚಾರಿಸುತ್ತಾರೆ. ಇಲ್ಲವಾದರೆ ಪರಿಶೀಲನೆ ನಡೆಯುತ್ತದೆ. ಕೊರತೆಯಿದ್ದರೆ ಪತ್ರ ಬರುತ್ತದೆ. ಅದಕ್ಕೆ ಕೊಟ್ಟ ಗಡುವಿನೊಳಗೆ ಉತ್ತರಿಸಲೇಬೇಕು. ಎಲ್ಲ ಸರಿಯಾದ ಮೇಲೆ ರಿಜಿಸ್ಟರಿನಲ್ಲಿ ದಾಖಲಿಸಿ ಪ್ರಮಾಣಪತ್ರ ಕೊಡುತ್ತಾರೆ.

ಪ್ರಕಟವಾಗದ ಕೃತಿಯನ್ನೂ ನೋಂದಾಯಿಸಬಹುದು. ಮುಂದೆ ಪ್ರಕಟವಾದಾಗ ದಾಖಲೆಯನ್ನು ತಿದ್ದಿಸಿಕೊಳ್ಳಬಹುದು. ಹೊರದೇಶಕ್ಕೆಂದು ಬೇರೆ ನೋಂದಣಿ ಬೇಡ. ಭಾರತ 1928ರಿಂದ ಬರ್ನ್ ಒಪ್ಪಂದದ ಸದಸ್ಯ. ಒಪ್ಪಂದದಲ್ಲಿರುವ ಇತರ ದೇಶಗಳಲ್ಲಿಯೂ ನಮ್ಮ ಕೃತಿಗಳಿಗೆ ರಕ್ಷಣೆಯಿದೆ. ವ್ಯಾಜ್ಯ ಬಂದರೆ ಹಕ್ಕುದಾರರು ತಾವು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ದಾವೆ ಹೂಡಲು ಕಾಯ್ದೆ ಅವಕಾಶ ಕೊಡುತ್ತದೆ. ಬಡ ಕಲಾವಿದರಿಗೆ ಇದು ದೊಡ್ಡ ಅನುಕೂಲ.

ಆದರೆ ಪ್ರಮಾಣಪತ್ರ ಸಿಕ್ಕಿದ ಕೂಡಲೇ ಎಲ್ಲ ಮುಗಿಯಿತೆಂದಲ್ಲ. ಕಚೇರಿಯವರು ನಾವು ಕೊಟ್ಟ ವಿವರವನ್ನು ದಾಖಲಿಸುತ್ತಾರೆ. ಒಡೆತನದ ಕಾಗದವೇ ಗೊಂದಲವಾಗಿದ್ದರೆ ನೋಂದಣಿ ಆ ಗೊಂದಲವನ್ನು ಬಿಡಿಸುವುದಿಲ್ಲ.

ಇಂದೇ ಮಾಡಬಹುದಾದ ನಾಲ್ಕು ಕೆಲಸಗಳು

ಪಟ್ಟಿ ಮಾಡಿ. ನೀವು ಬರೆದ ಹಾಡು, ನಾಟಕ, ಲೇಖನಗಳ ಹೆಸರು, ಬರೆದ ವರ್ಷ, ಪದ ಯಾರದ್ದು, ರಾಗ ಯಾರದ್ದು, ಮೊದಲು ಎಲ್ಲಿ ಹಾಡಿದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಗಾಯನ ಮಂಡಳಿಗಳೂ ಇಂಥ ಒಂದು ದಾಖಲೆ ಇಡಲಿ.

ಅನುಮತಿಯನ್ನು ಬರಹದಲ್ಲಿ ಕೊಡಿ. ಉದ್ದದ ಕರಾರುಪತ್ರ ಬೇಕೆಂದಿಲ್ಲ. "ಕೆಳಗೆ ಪಟ್ಟಿ ಮಾಡಿದ ಹಾಡುಗಳ ಪದ ಮತ್ತು ರಾಗ ನನ್ನವು. ಇವುಗಳನ್ನು ಹಾಡಿನ ಪುಸ್ತಕದಲ್ಲಿ ಮುದ್ರಿಸಲು, ಧ್ವನಿಮುದ್ರಿಸಲು ಹಾಗೂ ಅಂತರಜಾಲದಲ್ಲಿ ಹಾಕಲು ನಮ್ಮ ಧರ್ಮಕೇಂದ್ರಕ್ಕೆ ಗೌರವಧನವಿಲ್ಲದೆ, 20 ವರ್ಷಗಳ ಅವಧಿಗೆ, ಎಲ್ಲ ದೇಶಗಳಿಗೂ ಅನ್ವಯಿಸುವಂತೆ ಅನುಮತಿ ನೀಡಿದ್ದೇನೆ. ಪ್ರತಿ ಸಲವೂ ನನ್ನ ಹೆಸರು ಹಾಕಬೇಕು. ಹಕ್ಕುಸ್ವಾಮ್ಯ ನನ್ನಲ್ಲೇ ಉಳಿಯುತ್ತದೆ" ಎಂದು ಬರೆದು ದಿನಾಂಕ, ಸಹಿ ಹಾಕಿದರೆ ಎಷ್ಟೋ ಜಗಳ ತಪ್ಪುತ್ತದೆ. ಒಂದು ಪ್ರತಿ ಇಗರ್ಜಿಯ ಕಚೇರಿಯಲ್ಲಿ, ಒಂದು ನಿಮ್ಮ ಮನೆಯಲ್ಲಿ ಇರಲಿ.

ಉಯಿಲಿನಲ್ಲಿ ಸೇರಿಸಿ. ಮನೆ, ಜಾಗ, ಚಿನ್ನದ ಬಗ್ಗೆ ಬರೆಯುವಾಗ ಬರಹದ ಬಗ್ಗೆಯೂ ಒಂದು ಸಾಲು ಇರಲಿ. 'ಸಾಹಿತ್ಯ ಕೃತಿಗಳು' ಎಂದಷ್ಟೇ ಬರೆಯಬೇಡಿ. 'ನನ್ನ ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲಾ ಕೃತಿಗಳು ಮತ್ತು ಧ್ವನಿಮುದ್ರಣಗಳೆಲ್ಲದರ ಹಕ್ಕುಸ್ವಾಮ್ಯ' ಎಂದು ಬರೆಯಿರಿ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಫಲ ಪಡೆಯುವವರಾಗಲಿ, ಅವರ ಪತಿ ಅಥವಾ ಪತ್ನಿಯಾಗಲಿ ಸಾಕ್ಷಿ ಹಾಕಬಾರದು. ಹಾಕಿದರೆ ಅವರಿಗೆ ಬಿಟ್ಟದ್ದು ಬಿದ್ದುಹೋಗುತ್ತದೆ. ಹಾಡುಗಳನ್ನು ಧರ್ಮಕೇಂದ್ರಕ್ಕೇ ಬಿಟ್ಟುಹೋಗಬೇಕೆಂದಿದ್ದರೆ ಅದಕ್ಕೂ ಅಡ್ಡಿಯಿಲ್ಲ. ಧಾರ್ಮಿಕ ಉದ್ದೇಶಕ್ಕೆ ಆಸ್ತಿ ಬಿಡಲು ಕ್ರೈಸ್ತರಿಗಿದ್ದ ಹಳೆಯ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ರದ್ದುಪಡಿಸಿದೆ.

ಆಮೇಲೆ ನೋಂದಾಯಿಸಿ. ಎಲ್ಲವನ್ನೂ ಅಲ್ಲ. ಮಾರಾಟಕ್ಕೆ ಹೋಗುವ, ಇತರರು ಬಳಸುವ ಸಾಧ್ಯತೆಯಿರುವ ಮುಖ್ಯ ಕೃತಿಗಳನ್ನು ಮಾಡಿಸಿದರೆ ಸಾಕು. ದೊಡ್ಡ ಮೊತ್ತದ ಒಪ್ಪಂದವೋ ತಕರಾರೋ ಇದ್ದರೆ ವಕೀಲರ ಸಲಹೆ ಪಡೆಯಿರಿ.

ಕೊನೆಯದಾಗಿ

ಹಕ್ಕು ಎಂದರೆ ಸ್ವಾರ್ಥವೆಂದು ತಿಳಿಯಬೇಕಾಗಿಲ್ಲ. ನನ್ನದು ಎಂದು ಗೊತ್ತಿದ್ದರೆ ಮಾತ್ರ ನಾನು ಅದನ್ನು ದಾನ ಕೊಡಬಲ್ಲೆ. ತನ್ನ ಹಾಡುಗಳು ಊರಿಗೆ ಉಳಿಯಲಿ ಎಂದು ಬಯಸುವವರು ಆ ಬಯಕೆಯನ್ನು ಬರೆದಿಡಬೇಕು. ಬರೆದಿಡದ ದಾನ, ಕೊಟ್ಟವರು ಹೋದ ಮೇಲೆ ಮನೆಯವರಿಗೂ ಮಂಡಳಿಗೂ ನಡುವೆ ಮನಸ್ತಾಪವಾಗಿ ಉಳಿದೀತು.

ಈ ಭಾನುವಾರ ಅಭ್ಯಾಸ ಮುಗಿದ ಮೇಲೆ ಗಾಯನ ಮಂಡಳಿಯ ಹಿರಿಯರೊಡನೆ ಅರ್ಧ ಗಂಟೆ ಕುಳಿತುಕೊಳ್ಳಿ. ನಮ್ಮ ಪುಸ್ತಕದಲ್ಲಿ ಹೆಸರಿಲ್ಲದೆ ಇರುವ ಹಾಡುಗಳು ಯಾರವು ಎಂದು ಕೇಳಿ ಬರೆದುಕೊಳ್ಳಿ. ಅವರು ಇರುವಾಗಲೇ ಈ ಕೆಲಸ ಆಗಲಿ.